ಮೆಟಾಡೇಟಾ ಬಳಸಿ ಒಬ್ಬೊಬ್ಬರಿಗೂ ಒಗ್ಗುವ ಪಾಠ: ನನ್ನ ಅನುಭವ

ನಾನು ಕೆಲಸ ಮಾಡಿದ ಕಲಿಕಾ ವೇದಿಕೆಯಲ್ಲಿ ಎಲ್ಲ ಬಗೆಯ ಸರಕೂ ಇತ್ತು. ವಿಡಿಯೊ, ಇ-ಪುಸ್ತಕ, ಪಿಡಿಎಫ್ ಟಿಪ್ಪಣಿ, ಕ್ವಿಜ್, ಪರದೆಯ ಮೇಲೆ ಎಳೆದು ತಿರುಗಿಸಿ ನೋಡುವ ಪ್ರಯೋಗ. ಡಬ್ಲ್ಯುಸಿಎಜಿ (ಅಂಗವಿಕಲರಿಗೂ ವೆಬ್ ಪುಟ ಬಳಸಲು ಆಗಬೇಕು ಅನ್ನುವ ನಿಯಮಾವಳಿ) ಪ್ರಕಾರ ಪುಟಗಳನ್ನು ಸರಿಪಡಿಸುವ ಕೆಲಸ ನಾನು ಸೇರುವ ಹೊತ್ತಿಗೆ ಬಹುಪಾಲು ಮುಗಿದಿತ್ತು. ಬರೀ ಕೀಬೋರ್ಡ್ ಹಿಡಿದು ಎಲ್ಲ ಕಡೆ ಓಡಾಡಬಹುದಿತ್ತು, ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ (ಚಿತ್ರದಲ್ಲಿ ಏನಿದೆ ಅಂತ ಹೇಳುವ ಬರಹ) ಇತ್ತು, ಬಣ್ಣಗಳ ಕಾಂಟ್ರಾಸ್ಟ್ ಸರಿಯಿತ್ತು. ಆದರೂ ದೂರು ನಿಲ್ಲಲಿಲ್ಲ. ಬಂದ ದೂರುಗಳೋ ಒಂದಕ್ಕೊಂದು ಉಲ್ಟಾ. ಮಂದದೃಷ್ಟಿ ಇರುವ ಒಬ್ಬರು ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಕೇಳುತ್ತಿದ್ದರು, ಮೈಗ್ರೇನ್ ಇರುವ ಇನ್ನೊಬ್ಬರಿಗೆ ಅಷ್ಟು ಕಾಂಟ್ರಾಸ್ಟ್ ಕಂಡರೆ ತಲೆ ಸಿಡಿಯುತ್ತಿತ್ತು. ಕಿವಿ ಕೇಳದವರಿಗೆ ವಿಡಿಯೊದ ಮಾತು, ಸದ್ದನ್ನು ಬರಹದಲ್ಲಿ ತೋರಿಸುವ ಕ್ಯಾಪ್ಶನ್ ಇಲ್ಲದೆ ಆಗುವುದಿಲ್ಲ. ಗಮನ ಬೇಗ ಚದುರುವವರಿಗೆ ಅದೇ ಕ್ಯಾಪ್ಶನ್ ಕಿರಿಕಿರಿ.

ಎಲ್ಲರಿಗೂ ಒಂದೇ ಪುಟವನ್ನು ಹೊಂದಿಸುತ್ತೇವೆ ಅಂತ ಹೊರಟರೆ ಇದು ಬಗೆಹರಿಯುವುದಿಲ್ಲ ಅಲ್ವಾ? ಒಬ್ಬೊಬ್ಬರಿಗೆ ಒಂದೊಂದು ಬೇಕು ಅನ್ನುವುದಾದರೆ ಎರಡು ವಿಷಯ ಗೊತ್ತಿರಬೇಕು. ಎದುರಿಗಿರುವವರಿಗೆ ಏನು ಬೇಕು, ನಮ್ಮ ಹತ್ತಿರ ಏನಿದೆ. ಎರಡನ್ನೂ ಒಂದೇ ಪದಗಳಲ್ಲಿ ಬರೆದಿಟ್ಟುಕೊಂಡರೆ ಜೋಡಿಸುವ ಕೆಲಸವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಪಾಠದ ಬಗ್ಗೆ ಹೀಗೆ ಬರೆದಿಡುವ ಮಾಹಿತಿಯೇ ಮೆಟಾಡೇಟಾ.

ಇದು ನನಗೆ ಹೊಳೆದದ್ದೇನಲ್ಲ. ಐಎಂಎಸ್ ಅನ್ನುವ ಕಲಿಕಾ ತಂತ್ರಜ್ಞಾನದ ಒಕ್ಕೂಟ 2003ರಲ್ಲಿ ಕಲಿಯುವವರ ಅಗತ್ಯ ಬರೆದಿಡುವ ಮಾದರಿಯನ್ನೂ 2004ರಲ್ಲಿ ಪಾಠದ ಗುಣ ಬರೆದಿಡುವ ಮಾದರಿಯನ್ನೂ ಕೊಟ್ಟಿತ್ತು. ಅದೇ ಬೆಳೆದು 2008ರಲ್ಲಿ ಐಎಸ್ಒ/ಐಇಸಿ 24751 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಆಯಿತು. ಆಕ್ಸೆಸ್ ಫಾರ್ ಆಲ್ ಅಂತ ಕರೆಯುವುದು ಇದನ್ನೇ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು. ವ್ಯಕ್ತಿಗೆ ಯಾವ ಅಂಗವೈಕಲ್ಯ ಇದೆ ಅಂತ ಬರೆಯಲು ಜಾಗವೇ ಇಲ್ಲ. ತೊಂದರೆ ಇರುವುದು ವ್ಯಕ್ತಿಯಲ್ಲಿ ಅಲ್ಲ, ಅವರ ಅಗತ್ಯಕ್ಕೂ ಕೊಟ್ಟ ಪಾಠಕ್ಕೂ ತಾಳೆಯಾಗದೇ ಇರುವುದರಲ್ಲಿ ಅನ್ನುವ ನಿಲುವು ಇದರದ್ದು. ಹಾಗಾಗಿ ಕುರುಡು, ಕಿವುಡು ಅಂತ ಬರೆಯುವುದಿಲ್ಲ. ಧ್ವನಿ ಇದ್ದ ಕಡೆ ನನಗೆ ಪಠ್ಯ ಕೊಡಿ, ಚಿತ್ರ ಇದ್ದ ಕಡೆ ವಿವರಣೆ ಕೊಡಿ, ಹೀಗೆ ಇರುವುದು ಮತ್ತು ಬೇಕಾದದ್ದು ಎರಡನ್ನು ಜೋಡಿಯಾಗಿ ಬರೆಯುತ್ತಾರೆ. ಗದ್ದಲದ ಜಾಗದಲ್ಲಿ ಕುಳಿತವರಿಗೂ ಕಿವಿ ಕೇಳದವರಿಗೂ ಆ ಹೊತ್ತಿಗೆ ಬೇಕಾದದ್ದು ಒಂದೇ, ಕ್ಯಾಪ್ಶನ್.

ಇಡೀ ಐಎಸ್ಒ ಮಾದರಿಯನ್ನು ಜಾರಿಗೆ ತರಲು ನಾವು ಹೋಗಲಿಲ್ಲ. ಅದು ದೊಡ್ಡದು. ಪಾಠದ ಕಡೆಗೆ ಸ್ಕೀಮಾ ಡಾಟ್ ಆರ್ಗ್ (ಪುಟದಲ್ಲಿ ಏನಿದೆ ಅಂತ ಯಂತ್ರಕ್ಕೆ ತಿಳಿಸುವ ಸಾಮಾನ್ಯ ಪದಪಟ್ಟಿ) ಪದಗಳನ್ನು ತೆಗೆದುಕೊಂಡೆವು. 2013ರಿಂದ ಅದರಲ್ಲಿ ಆಕ್ಸೆಸಿಬಿಲಿಟಿಯ, ಅಂದರೆ ಎಲ್ಲರಿಗೂ ಬಳಸಲು ಆಗುವಂತಿದೆಯೇ ಅಂತ ಹೇಳುವ, ಗುಣಗಳಿವೆ, ಅವುಗಳ ಬೇರು ಆಕ್ಸೆಸ್ ಫಾರ್ ಆಲ್‌ನಲ್ಲೇ ಇದೆ. ಇನ್ನೂ ಒಂದು ಲಾಭ, ಇಪಬ್ (ಇ-ಪುಸ್ತಕದ ಒಂದು ಫೈಲ್ ಮಾದರಿ) ಪುಸ್ತಕಗಳ ಆಕ್ಸೆಸಿಬಿಲಿಟಿ ನಿಯಮವೂ ಇವೇ ಪದಗಳನ್ನು ಬಳಸುತ್ತದೆ, ಅಂದರೆ ಪ್ರಕಾಶಕರಿಂದ ಬರುವ ಪುಸ್ತಕದೊಳಗೇ ಅರ್ಧ ಮಾಹಿತಿ ಕುಳಿತಿರುತ್ತದೆ. ಓದುಗರ, ಅಂದರೆ ಕಲಿಯುವವರ, ಕಡೆಗೆ ಐಎಂಎಸ್ ಮಾದರಿಯಿಂದ ಕೈಗೆ ಸಿಗುವಷ್ಟು ಒಂದು ತುಣುಕು.

ಪಾಠದ ಕಡೆಯ ಗುಣಗಳಲ್ಲಿ ಮುಖ್ಯವಾದವು ನಾಲ್ಕೇ. ಆಕ್ಸೆಸ್ ಮೋಡ್ ಅಂದರೆ ಮೂಲ ಪಾಠ ಯಾವ ದಾರಿಯಲ್ಲಿ ತಲುಪುತ್ತದೆ: ನೋಟ, ಶ್ರವಣ, ಪಠ್ಯ, ಸ್ಪರ್ಶ. ಆಕ್ಸೆಸಿಬಿಲಿಟಿ ಫೀಚರ್ ಅಂದರೆ ಅದಕ್ಕೆ ಸೇರಿಸಿದ ಅನುಕೂಲ: ಕ್ಯಾಪ್ಶನ್, ಟ್ರಾನ್ಸ್‌ಕ್ರಿಪ್ಟ್, ಆಡಿಯೊ ವಿವರಣೆ (ತೆರೆಯ ಮೇಲೆ ನಡೆಯುವುದನ್ನು ಮಾತಿನಲ್ಲಿ ಹೇಳುವುದು), ಸಂಜ್ಞಾ ಭಾಷೆ, ಆಲ್ಟ್ ಟೆಕ್ಸ್ಟ್, ಮ್ಯಾಥ್‌ಎಂಎಲ್‌ನಲ್ಲಿರುವ (ಸೂತ್ರಗಳನ್ನು ಯಂತ್ರ ಓದುವಂತೆ ಬರೆಯುವ ಕೋಡ್) ಗಣಿತ, ಇತ್ಯಾದಿ. ಆಕ್ಸೆಸಿಬಿಲಿಟಿ ಹಝಾರ್ಡ್ ಅಂದರೆ ಅಪಾಯ. ನಾಲ್ಕನೆಯದು ಆಕ್ಸೆಸ್ ಮೋಡ್ ಸಫಿಶಿಯಂಟ್. ಹೆಚ್ಚಿನವರು ಖಾಲಿ ಬಿಡುವುದು ಇದನ್ನೇ, ನನ್ನ ಲೆಕ್ಕದಲ್ಲಿ ಜೀವಾಳ ಇರುವುದೂ ಇಲ್ಲೇ.

ಯಾಕೆ ಅಂದರೆ, ಫೀಚರ್ ಪಟ್ಟಿ ನೋಡಿ ಯಾರಿಗೂ ಏನೂ ತೀರ್ಮಾನ ಮಾಡಲು ಆಗುವುದಿಲ್ಲ. 'ಈ ವಿಡಿಯೊದಲ್ಲಿ ಕ್ಯಾಪ್ಶನ್ ಇದೆ, ಆಡಿಯೊ ವಿವರಣೆ ಇದೆ' ಅಂತ ಓದಿದ ಮೇಲೆ ಕಣ್ಣು ಕಾಣದವರ ಪ್ರಶ್ನೆ ಹಾಗೇ ಉಳಿಯುತ್ತದೆ: ಬರೀ ಕೇಳಿಸಿಕೊಂಡು ಪೂರ್ತಿ ಪಾಠ ಕಲಿಯಬಹುದೋ ಇಲ್ಲವೋ? ಅದಕ್ಕೆ ನೇರ ಉತ್ತರ ಸಫಿಶಿಯಂಟ್‌ನಲ್ಲಿದೆ. ಯಾವ ಯಾವ ದಾರಿಗಳ ಗುಂಪು ಹಿಡಿದರೆ ಪಾಠ ಪೂರ್ತಿ ಸಿಗುತ್ತದೆ ಅಂತ ಅಲ್ಲಿ ಬರೆಯಬೇಕು. ಹೃದಯದಲ್ಲಿ ರಕ್ತ ಹೇಗೆ ಹರಿಯುತ್ತದೆ ಅಂತ ತೋರಿಸುವ ಒಂದು ವಿಡಿಯೊ ತಗೊಳ್ಳಿ. ಮೂಲದಲ್ಲಿ ಅದು ನೋಟ ಮತ್ತು ಶ್ರವಣ, ಎರಡೂ ಸೇರಿ ಒಂದು ಗುಂಪು. ಕ್ಯಾಪ್ಶನ್ ಸೇರಿಸಿದರೆ ನೋಟ ಮತ್ತು ಪಠ್ಯ ಅನ್ನುವ ಇನ್ನೊಂದು ಗುಂಪು ಹುಟ್ಟುತ್ತದೆ. ಆಡಿಯೊ ವಿವರಣೆ ಹಾಕಿದರೆ ಶ್ರವಣ ಒಂದೇ ಸಾಕು ಅನ್ನುವ ಮೂರನೆಯದು. ತೆರೆಯ ಮೇಲೆ ನಡೆಯುವುದನ್ನೂ ಬರೆದ ಪೂರ್ತಿ ಟ್ರಾನ್ಸ್‌ಕ್ರಿಪ್ಟ್ ಇದ್ದರೆ ಪಠ್ಯ ಒಂದೇ ಸಾಕು, ಅದನ್ನು ಸ್ಕ್ರೀನ್ ರೀಡರ್ ಓದಿ ಹೇಳಬಹುದು, ಬ್ರೈಲ್ ಡಿಸ್‌ಪ್ಲೇಯಲ್ಲಿ ಬೆರಳಿಂದ ಓದಬಹುದು, ಹೀಗಾಗಿ ಕಣ್ಣು ಕಿವಿ ಎರಡೂ ಇಲ್ಲದವರಿಗೂ ದಾರಿ ತೆರೆಯುತ್ತದೆ.

ಇಲ್ಲಿ ನಾವು ಒಂದು ನಿಯಮ ಹಾಕಿಕೊಂಡೆವು. ಸಫಿಶಿಯಂಟ್ ಅನ್ನು ಯಂತ್ರ ತುಂಬಬಾರದು. ಮಾತು ಮಾತ್ರ ಇಳಿಸಿದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಶಿಕ್ಷಕರು 'ಇದು ಇಲ್ಲಿಂದ ಇಲ್ಲಿಗೆ ಬರುತ್ತೆ, ನೋಡಿ' ಅಂದಿರುತ್ತಾರೆ. ಯಾವುದು, ಎಲ್ಲಿಂದ, ಎಲ್ಲಿಗೆ? ಫೈಲ್ ಇದೆ, ಪಾಠ ಇಲ್ಲ. ಅದಕ್ಕೆ ಒಬ್ಬರು ಪರದೆ ಮುಚ್ಚಿ ಕೇಳಬೇಕು, ಇನ್ನೊಬ್ಬರು ಧ್ವನಿ ಬಂದ್ ಮಾಡಿ ನೋಡಬೇಕು, ಆಮೇಲೆ ಆ ಪಾಠದ ಕ್ವಿಜ್‌ಗೆ ಉತ್ತರ ಬರೆಯಬೇಕು. ಉತ್ತರ ಬಂದರೆ ಮಾತ್ರ ಸಾಕು ಅನ್ನುವ ಗುರುತು. ನಿಧಾನದ ಕೆಲಸ, ನಿಜ. ಎಲ್ಲ ಪಾಠಕ್ಕೂ ಮಾಡಲಿಲ್ಲ, ಹೆಚ್ಚು ಜನ ನೋಡುವ ಪಾಠಗಳಿಂದ ಶುರು ಮಾಡಿ ಕೆಳಗೆ ಇಳಿದೆವು.

ಅಪಾಯದ ವಿಷಯದಲ್ಲಿ ಇನ್ನೂ ಬಿಗಿ. ಮೂರು ಬಗೆ ಇವೆ: ಮಿನುಗುವುದು, ಚಲಿಸಿದಂತೆ ಭಾಸವಾಗುವುದು, ಧ್ವನಿ. ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರುತ್ತದೆ. ಡಬ್ಲ್ಯುಸಿಎಜಿ ಪ್ರಕಾರ ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅಂತ ಇರುವುದು ಅದಕ್ಕೇ. ಸ್ಕೀಮಾದಲ್ಲಿ ಅಪಾಯ ಇದೆ ಅನ್ನಲು ಒಂದು ಪದ, ಇಲ್ಲ ಅನ್ನಲು ಒಂದು ಪದ, ಗೊತ್ತಿಲ್ಲ ಅನ್ನಲು ಇನ್ನೊಂದು. ಈ ಕೊನೆಯದನ್ನು ಸುಮ್ನೆ ಇಟ್ಟಿಲ್ಲ. ಖಾಲಿ ಬಿಟ್ಟ ಜಾಗವನ್ನು 'ಇಲ್ಲ' ಅಂತ ಓದಿಬಿಡುವುದು ಸಾಫ್ಟ್‌ವೇರ್ ಬರೆಯುವವರ ಹಳೇ ಚಾಳಿ. ನಮ್ಮ ಡೇಟಾಬೇಸ್‌ನಲ್ಲಿ ಖಾಲಿ ಇದ್ದದ್ದೆಲ್ಲ ಗೊತ್ತಿಲ್ಲ ಅಂತಲೇ ಆಗುವಂತೆ ಮಾಡಿದೆವು, ಮಿನುಗುವುದು ಬೇಡ ಅಂದವರಿಗೆ ಗೊತ್ತಿಲ್ಲದ ವಿಡಿಯೊ ತಾನಾಗಿ ಓಡುವುದಿಲ್ಲ, ಮೊದಲು ಎಚ್ಚರಿಕೆ ಬರುತ್ತದೆ. ಅಪಾಯ ಇಲ್ಲ ಅಂತ ಬರೆಯಬೇಕಾದರೆ ಯಾರೋ ಒಬ್ಬರು ಪರೀಕ್ಷಿಸಿ ತಮ್ಮ ಹೆಸರು ಹಾಕಬೇಕು.

ಹಳೇ ಪಾಠಗಳಿಗೆ ಮೆಟಾಡೇಟಾ ತುಂಬಿದ್ದು ಹೇಗೆ ಅಂತ ತುಂಬಾ ಜನ ಕೇಳುತ್ತಾರೆ. ಕೆಲವನ್ನು ಯಂತ್ರದಿಂದ ತೆಗೆಯಬಹುದು. ವಿಡಿಯೊ ಪ್ಲೇಯರ್‌ನ ಟ್ರ್ಯಾಕ್ ನೋಡಿದರೆ ಕ್ಯಾಪ್ಶನ್ ಇದೆಯಾ ಗೊತ್ತಾಗುತ್ತದೆ. ಆದರೆ ಎಚ್‌ಟಿಎಂಎಲ್‌ನಲ್ಲಿ ಸಬ್‌ಟೈಟಲ್ ಬೇರೆ, ಕ್ಯಾಪ್ಶನ್ ಬೇರೆ. ಸಬ್‌ಟೈಟಲ್ ಧ್ವನಿ ಕೇಳಿಸುವವರಿಗೆ, ಮಾತು ಅರ್ಥವಾಗಲಿ ಅಂತ. ಕ್ಯಾಪ್ಶನ್‌ನಲ್ಲಿ ಬಾಗಿಲು ಬಡಿದ ಸದ್ದು, ಯಾರು ಮಾತಾಡಿದರು ಅನ್ನುವುದೂ ಇರಬೇಕು. ಫೈಲ್‌ನಲ್ಲಿ ಒಂದಕ್ಕೆ ಇನ್ನೊಂದರ ಹಣೆಪಟ್ಟಿ ಹಚ್ಚಿರುವುದು ಮಾಮೂಲಿ. ತಾನಾಗಿ ಹುಟ್ಟಿದ ಕ್ಯಾಪ್ಶನ್ ಬಗ್ಗೆ ನಮ್ಮ ತಂಡದಲ್ಲಿ ದೊಡ್ಡ ಜಗಳವೇ ಆಯಿತು. ಇದ್ದದ್ದು ಇಲ್ಲದ್ದಕ್ಕಿಂತ ಮೇಲು ಅಂತ ಒಂದು ಕಡೆ. ವಿಜ್ಞಾನದ ಪದವೆಲ್ಲ ತಪ್ಪಾಗಿ ಬಿದ್ದಿರುವ ಕ್ಯಾಪ್ಶನ್ ನಂಬಿ ಕೂತವರ ಗತಿ ಏನು ಅಂತ ಇನ್ನೊಂದು ಕಡೆ. ನಾನು ಎರಡನೆಯವರ ಪರ. ಕೊನೆಗೆ ಪರದೆಯ ಮೇಲೆ ಅದನ್ನು ತೋರಿಸುವುದು, ಆದರೆ ಮನುಷ್ಯರು ತಿದ್ದುವವರೆಗೆ ಮೆಟಾಡೇಟಾದಲ್ಲಿ ಕ್ಯಾಪ್ಶನ್ ಅಂತ ಬರೆಯುವುದಿಲ್ಲ ಅಂತ ಒಪ್ಪಂದವಾಯಿತು.

ಇಪಬ್ ಪುಸ್ತಕಗಳ ಕೆಲಸ ಸುಲಭವಾಯಿತು. 2023ರಲ್ಲಿ ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯುತ್ರೀಸಿ ಸಂಸ್ಥೆ ಹೊರತಂದ ಇಪಬ್ ಆಕ್ಸೆಸಿಬಿಲಿಟಿ 1.1ರ ಪ್ರಕಾರ ಆಕ್ಸೆಸ್ ಮೋಡ್, ಫೀಚರ್, ಹಝಾರ್ಡ್ ಮೂರನ್ನೂ ಪುಸ್ತಕದ ಪ್ಯಾಕೇಜ್ ಫೈಲ್‌ನಲ್ಲಿ ಬರೆಯಲೇಬೇಕು. ಯುರೋಪಿನ ಆಕ್ಸೆಸಿಬಿಲಿಟಿ ಕಾಯ್ದೆ 2025ರ ಜೂನ್ 28ರಿಂದ ಇ-ಪುಸ್ತಕಗಳಿಗೂ ಅನ್ವಯಿಸುತ್ತಿರುವುದರಿಂದ ಅಲ್ಲಿ ಮಾರುವ ಪ್ರಕಾಶಕರು ಇದನ್ನು ಕಡೆಗಣಿಸುವಂತಿಲ್ಲ. ಹಾಗಂತ ಬರೆದದ್ದನ್ನೆಲ್ಲ ನಂಬಲಿಲ್ಲ. ಒಂದೇ ಟೆಂಪ್ಲೇಟ್‌ನಿಂದ ಎಲ್ಲ ಪುಸ್ತಕಕ್ಕೂ ಒಂದೇ ಪಟ್ಟಿ ಅಂಟಿಸುವವರು ಇದ್ದಾರೆ, ಗಣಿತವೇ ಇಲ್ಲದ ಪುಸ್ತಕದಲ್ಲಿ ಮ್ಯಾಥ್‌ಎಂಎಲ್ ಇದೆ ಅಂತ ಕಂಡರೆ ಆ ಇಡೀ ಪಟ್ಟಿ ಸಂಶಯವೇ. ಡೈಸಿ ಒಕ್ಕೂಟದ ಏಸ್ ಅನ್ನುವ, ಇಪಬ್‌ನ ಆಕ್ಸೆಸಿಬಿಲಿಟಿ ಪರೀಕ್ಷಿಸುವ ಉಚಿತ ಟೂಲ್‌ನಲ್ಲಿ ಹಾಕಿ ನೋಡಿ, ಅದರ ವರದಿಗೂ ಪ್ರಕಾಶಕರ ಮಾತಿಗೂ ತಾಳೆಯಾಗದಿದ್ದರೆ ಪುಸ್ತಕವನ್ನು ಬದಿಗಿಟ್ಟು ಕೈಯಾರೆ ನೋಡುತ್ತಿದ್ದೆವು. ಪಿಡಿಎಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯಾಗ್ (ಶೀರ್ಷಿಕೆ ಯಾವುದು, ಪ್ಯಾರಾ ಯಾವುದು ಅನ್ನುವ ಗುರುತು) ಇಲ್ಲದ, ಸ್ಕ್ಯಾನ್ ಮಾಡಿದ ಪಿಡಿಎಫ್‌ಗೆ ನೋಟ ಒಂದೇ ದಾರಿ, ಹಾಗೇ ಬರೆದೆವು.

ಇನ್ನು ಓದುಗರ ಕಡೆ. ಮೊದಲ ಕೆಲಸ, ಅವರ ಸಾಧನಕ್ಕೆ ಆಗಲೇ ಗೊತ್ತಿರುವುದನ್ನು ಮತ್ತೆ ಕೇಳಬಾರದು. ಚಲನೆ ಕಡಿಮೆ ಇರಲಿ, ಕಾಂಟ್ರಾಸ್ಟ್ ಹೆಚ್ಚಿರಲಿ, ಕಪ್ಪು ಹಿನ್ನೆಲೆ ಇರಲಿ ಅಂತ ಫೋನ್‌ನಲ್ಲೋ ಕಂಪ್ಯೂಟರ್‌ನಲ್ಲೋ ಸೆಟ್ಟಿಂಗ್ ಮಾಡಿಕೊಂಡಿದ್ದರೆ ಬ್ರೌಸರ್ ಅದನ್ನು ಸಿಎಸ್‌ಎಸ್ ಮೀಡಿಯಾ ಕ್ವೆರಿ ಮೂಲಕ ಹೇಳುತ್ತದೆ. ಅದನ್ನು ಗೌರವಿಸಿದರೆ ಸಾಕು, ಅರ್ಧ ಪ್ರಶ್ನೆಗಳು ಹೋದವು.

ಉಳಿದದ್ದನ್ನು ಕೇಳುವಾಗ ಪ್ರತಿ ಪ್ರಶ್ನೆಯ ಪಕ್ಕದಲ್ಲೇ ಒಂದು ಪುಟ್ಟ ಮಾದರಿ ಇಟ್ಟೆವು. 'ಅಕ್ಷರ ದೊಡ್ಡದಿರಲಿ' ಒತ್ತಿದರೆ ಅಲ್ಲೇ ದೊಡ್ಡದಾಗುತ್ತದೆ. 'ಆಡಿಯೊ ವಿವರಣೆ' ಒತ್ತಿದರೆ ಒಂದು ತುಣುಕು ಕೇಳಿಸುತ್ತದೆ, ಯಾಕೆಂದರೆ ಆ ಹೆಸರು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ಕೇಳಿದ ಮೇಲೆ 'ಓ, ಇದಾ, ಇದು ಬೇಕು' ಅನ್ನುತ್ತಾರೆ. ಆಯ್ಕೆಗೆ ಹೌದು, ಇಲ್ಲ ಸಾಲುವುದಿಲ್ಲ. ಐಎಂಎಸ್‌ನ ಹಳೇ ಮಾದರಿಯಲ್ಲಿ ನಾಲ್ಕು ಹಂತ ಇತ್ತು: ಇರಲೇಬೇಕು, ಇದ್ದರೆ ಒಳ್ಳೆಯದು, ಇದ್ದರೂ ಆದೀತು, ಇರಲೇಬಾರದು. ನಾಲ್ಕನ್ನೂ ಉಳಿಸಿಕೊಂಡೆವು. ಆ ಕೊನೆಯದು ತುಂಬಾ ಬೆಲೆಯದ್ದು. ಓಡುವ ಕ್ಯಾಪ್ಶನ್‌ನಿಂದ ತಲೆ ತಿರುಗುವವರಿಗೆ 'ಬೇಡ' ಅನ್ನುವ ಹಕ್ಕು ಉಳಿದ ಮೂರು ಹಂತಗಳಲ್ಲಿ ಸಿಗುವುದಿಲ್ಲ.

ಒಬ್ಬರಿಗೆ ಒಂದೇ ಪ್ರೊಫೈಲ್ (ಹೀಗೆ ಆರಿಸಿದ ಆಯ್ಕೆಗಳ ಪಟ್ಟಿ) ಸಾಕು ಅಂತಲೂ ತಿಳಿಯಬೇಡಿ. ಬೆಳಗ್ಗೆ ಓದುವ ಕಣ್ಣು ಸಂಜೆ ದಣಿದಿರುತ್ತದೆ. ಆಗ ಅದೇ ವ್ಯಕ್ತಿಗೆ ಓದುವುದಕ್ಕಿಂತ ಕೇಳುವುದು ವಾಸಿ. ಅದಕ್ಕೆ ಬೇರೆ ಬೇರೆ ಸನ್ನಿವೇಶಕ್ಕೆ ಹೆಸರಿಟ್ಟು ಉಳಿಸಿಕೊಳ್ಳುವ ಅವಕಾಶ ಕೊಟ್ಟೆವು.

ಜೋಡಿಸುವ ಕೋಡ್ ನೋಡಿದರೆ ನಿಮಗೆ ನಗು ಬರಬಹುದು, ಅಷ್ಟು ಚಿಕ್ಕದು. ಪಾಠದ ಸಫಿಶಿಯಂಟ್ ಗುಂಪುಗಳಲ್ಲಿ ಈ ಓದುಗರಿಗೆ ಒಗ್ಗುವ ಒಂದಾದರೂ ಗುಂಪು ಇದೆಯಾ? ಇದ್ದರೆ ಪಾಠ ಪಟ್ಟಿಯಲ್ಲಿ ಮೇಲೆ. ಇಲ್ಲದಿದ್ದರೆ ಇದೇ ಪಾಠದ ಬೇರೆ ರೂಪ ಇದೆಯಾ ನೋಡು. ಆಕ್ಸೆಸ್ ಫಾರ್ ಆಲ್‌ನಲ್ಲಿ ಮೂಲಕ್ಕೂ ಅದರ ರೂಪಾಂತರಕ್ಕೂ ಕೊಂಡಿ ಹಾಕುವ ವ್ಯವಸ್ಥೆ ಇದೆ, ಅದನ್ನು ಬಳಸಿ ವಿಡಿಯೊದ ಜಾಗದಲ್ಲಿ ಸಂಜ್ಞಾ ಭಾಷೆಯ ವಿಡಿಯೊವನ್ನೋ ಪಠ್ಯವನ್ನೋ ತರುತ್ತೇವೆ. ಅದೂ ಸಿಗದಿದ್ದರೆ ಪಾಠ ಪಟ್ಟಿಯಲ್ಲಿ ಕೆಳಗೆ ಹೋಗುತ್ತದೆ, ಏನು ಕೊರತೆ ಅಂತ ಪಕ್ಕದಲ್ಲಿ ಬರೆದಿರುತ್ತದೆ. ಯಾವುದನ್ನೂ ಮುಚ್ಚಿಡುವುದಿಲ್ಲ, ಇದು ನನ್ನ ಹಟವಾಗಿತ್ತು. ಇದು ನಿಮಗಾಗದು ಅಂತ ಸಾಫ್ಟ್‌ವೇರ್ ತೀರ್ಮಾನ ಮಾಡುವುದು ಯಾಕೆ? ಕಣ್ಣು ಕಾಣದ ವಿದ್ಯಾರ್ಥಿ ಗೆಳೆಯರ ಜೊತೆ ಕೂತು ಆ ವಿಡಿಯೊ ನೋಡಬಹುದು, ತರಗತಿಯಲ್ಲಿ ಅದರದ್ದೇ ಚರ್ಚೆ ನಡೆಯಬಹುದು.

ಕ್ವಿಜ್ ಮಾತ್ರ ಇಷ್ಟು ಸಲೀಸಲ್ಲ. ಕ್ಯೂಟಿಐ 3 ಅನ್ನುವ ಪರೀಕ್ಷಾ ಮಾದರಿಯಲ್ಲಿ ಒಂದೇ ಪ್ರಶ್ನೆಗೆ ಪರ್ಯಾಯ ರೂಪಗಳನ್ನು ಕಟ್ಟಿಡಬಹುದು, ಓದುಗರ ಪ್ರೊಫೈಲ್ ನೋಡಿ ಬೇಕಾದದ್ದು ಹೊರಬರುತ್ತದೆ. ಆದರೆ ಪರೀಕ್ಷೆ ಏನನ್ನು ಅಳೆಯುತ್ತಿದೆ? ವಿಜ್ಞಾನದ ಪ್ರಶ್ನೆಯನ್ನು ಓದಿ ಹೇಳಿದರೆ ಏನೂ ಬದಲಾಗುವುದಿಲ್ಲ. ಓದುವ ಸಾಮರ್ಥ್ಯವನ್ನೇ ಅಳೆಯುವ ಪ್ರಶ್ನೆಯನ್ನು ಓದಿ ಹೇಳಿದರೆ ಅದು ಕೇಳುವ ಸಾಮರ್ಥ್ಯದ ಪರೀಕ್ಷೆ ಆಗಿಬಿಡುತ್ತದೆ. ತ್ರಿಕೋನದ ಚಿತ್ರಕ್ಕೆ 'ಇದು ಲಂಬಕೋನ ತ್ರಿಕೋನ' ಅಂತ ಆಲ್ಟ್ ಟೆಕ್ಸ್ಟ್ ಬರೆದು, ಕೆಳಗೆ 'ಇದು ಯಾವ ತ್ರಿಕೋನ?' ಅಂತ ಕೇಳಿದರೆ ಮುಗಿಯಿತಲ್ಲ. ಇಲ್ಲಿ ಪ್ರತಿ ಪ್ರಶ್ನೆಯ ಮೇಲೆ ವಿಷಯದ ಶಿಕ್ಷಕರು ಕೂತು ಯಾವ ರೂಪಾಂತರಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಅಂತ ಬರೆಯಬೇಕಾಯಿತು. ಇದಕ್ಕೆ ಅಡ್ಡದಾರಿ ನನಗಂತೂ ಕಂಡಿಲ್ಲ.

ಗೌಪ್ಯತೆಯ ಮಾತು. ಅಂಗವೈಕಲ್ಯದ ಹೆಸರು ಕೇಳದಿದ್ದರೂ, 'ಪಠ್ಯ ಒಂದೇ ಬೇಕು, ಬ್ರೈಲ್ ಬೇಕು' ಅಂತ ಬರೆದಿಟ್ಟರೆ ಊಹಿಸಲು ಎಷ್ಟು ಹೊತ್ತು? ಆದ್ದರಿಂದ ಪ್ರೊಫೈಲ್ ಓದುಗರ ಸಾಧನದಲ್ಲೇ ಉಳಿಯುತ್ತದೆ. ಪಾಠಗಳ ಮೆಟಾಡೇಟಾ ಸರ್ವರ್‌ನಿಂದ ಬರುತ್ತದೆ, ಜೋಡಿಸುವುದು ಬ್ರೌಸರ್‌ನಲ್ಲಿ. ಬೇರೆ ಸಾಧನದಲ್ಲೂ ಬೇಕು ಅಂದವರು ತಾವಾಗಿ ಒಪ್ಪಿದರೆ ಮಾತ್ರ ಸರ್ವರ್‌ನಲ್ಲಿ ಉಳಿಸುತ್ತೇವೆ, ಅದು ಶಿಕ್ಷಕರಿಗೆ ಕಾಣುವುದಿಲ್ಲ, ಅಂಕಿಅಂಶದ ಟೂಲ್‌ಗೂ ಹೋಗುವುದಿಲ್ಲ. ಯಾರಿಗೆ ಯಾವ ಸೌಲಭ್ಯ ಬೇಕಾಯಿತು ಅಂತ ವರದಿ ಕೊಡಿ ಅಂತ ಆಡಳಿತದವರು ಕೇಳಿದ್ದುಂಟು. ಕೊಡಲಾಗದು ಅಂದೆವು, ನಮ್ಮ ಹತ್ತಿರ ಇರಲೂ ಇಲ್ಲ. ಮಾಹಿತಿಯನ್ನೇ ಇಟ್ಟುಕೊಳ್ಳದಿದ್ದರೆ ಇಲ್ಲ ಅನ್ನುವುದು ಎಷ್ಟು ಸಲೀಸು ನೋಡಿ.

ತೋರಿಸುವ ರೀತಿಗೂ ಸ್ವಲ್ಪ ಕಷ್ಟಪಟ್ಟೆವು. ಸ್ಕೀಮಾದ ಪದಗಳನ್ನು ಹಾಗೇ ಪರದೆಗೆ ತಂದರೆ ಓದುವವರಿಗೆ ಅದು ಔಷಧದ ಡಬ್ಬಿಯ ಹಿಂದಿನ ಸಣ್ಣ ಅಕ್ಷರದಂತೆ. 'ಪೂರ್ತಿ ಕೇಳಿಸಿಕೊಂಡೇ ಕಲಿಯಬಹುದು', 'ಅಕ್ಷರದ ಗಾತ್ರ, ಬಣ್ಣ ಬದಲಿಸಬಹುದು', 'ಮಿನುಗುವ ದೃಶ್ಯ ಇದೆಯೋ ಇಲ್ಲವೋ ಪರೀಕ್ಷಿಸಿಲ್ಲ', ಹೀಗೆ ಮಾತಿನಲ್ಲಿ ಬರೆದೆವು. ಪ್ರತಿ ಪಾಠದ ಕೆಳಗೆ 'ಇಲ್ಲಿ ಹೇಳಿದಂತೆ ಇಲ್ಲ' ಅನ್ನುವ ಬಟನ್ ಇದೆ. ಅದನ್ನು ಯಾರಾದರೂ ಒತ್ತಿದರೆ ಆ ಗುಣ ತಕ್ಷಣ 'ಗೊತ್ತಿಲ್ಲ' ಸ್ಥಿತಿಗೆ ಇಳಿಯುತ್ತದೆ, ನಾವು ನೋಡಿ ಖಚಿತಪಡಿಸುವವರೆಗೆ ಮೇಲೇರುವುದಿಲ್ಲ. ಸುಮ್ಮನೆ ಒತ್ತುವವರು ಇರಬಹುದು ಅಂತ ಕೆಲವರು ಹೆದರಿದ್ದರು. ಬಂದದ್ದು ಹೆಚ್ಚಾಗಿ ನಿಜವಾದ ದೂರುಗಳೇ.

ಗ್ರಹಿಕೆಯ ತೊಂದರೆ ಇರುವವರಿಗೆ ಪದಗಳ ಜೊತೆ ಚಿಹ್ನೆ ತೋರಿಸುವ ಡಬ್ಲ್ಯುತ್ರೀಸಿಯ ವೈ-ಅಡಾಪ್ಟ್ ಕೆಲಸವನ್ನೂ ನೋಡಿದೆವು. ಒಂದೊಂದು ಅರ್ಥಕ್ಕೆ ಬ್ಲಿಸ್ ಚಿಹ್ನೆಗಳ (ಪದದ ಬದಲು ಬಳಸುವ ಚಿತ್ರಚಿಹ್ನೆಗಳು) ಪಟ್ಟಿಯ ಒಂದು ಸಂಖ್ಯೆ ಕೊಟ್ಟರೆ ಓದುಗರು ತಮಗೆ ರೂಢಿ ಇರುವ ಚಿಹ್ನೆಯಲ್ಲೇ ಅದನ್ನು ನೋಡಬಹುದು ಅನ್ನುವ ಯೋಚನೆ ಚೆನ್ನಾಗಿದೆ. ಬ್ರೌಸರ್‌ಗಳು ಇದನ್ನು ತಾವಾಗಿ ಮಾಡದ ಕಾರಣ ನಾವು ಸದ್ಯಕ್ಕೆ ಬಿಟ್ಟೆವು. ಫಾರ್ಮ್‌ಗಳಲ್ಲಿ ಹೆಸರು, ಇಮೇಲ್ ಮುಂತಾದ ಜಾಗಗಳಿಗೆ ಆಟೊಕಂಪ್ಲೀಟ್ ಗುರುತು (ಇಲ್ಲಿ ಏನು ತುಂಬಬೇಕು ಅಂತ ಬ್ರೌಸರ್‌ಗೆ ಹೇಳುವ ಗುರುತು) ಹಾಕಿದ್ದು ಮಾತ್ರ ಮುಗಿದಿದೆ. ಡಬ್ಲ್ಯುಸಿಎಜಿ 2.1ರಲ್ಲಿ ಅದು ಹೇಗೂ ಇರಬೇಕಾದದ್ದೇ.

ಈಗ ತಲೆ ತಿನ್ನುತ್ತಿರುವುದು ಆ ಎಳೆದು ತಿರುಗಿಸುವ ಪ್ರಯೋಗಗಳು. ಕೀಬೋರ್ಡ್ ಸಾಕು, ಸ್ಪರ್ಶ ಸಾಕು, ಧ್ವನಿಯಿಂದಲೇ ನಡೆಸಬಹುದು ಅಂತ ಹೇಳಲು ಆಕ್ಸೆಸಿಬಿಲಿಟಿ ಕಂಟ್ರೋಲ್ ಅನ್ನುವ ಗುಣ ಇದೆ, ಅದನ್ನು ತುಂಬುವುದು ಕಷ್ಟವಲ್ಲ. ಆದರೆ ಲೋಲಕದ ಉದ್ದ ಬದಲಿಸಿದಾಗ ತೂಗುವ ವೇಗ ಬದಲಾಗುವುದನ್ನು ನೋಡದೆ ಕಲಿಯಲು ಏನು ಸಾಕು? ಅಳತೆಗಳ ಕೋಷ್ಟಕ ಕೊಟ್ಟರೆ ಉತ್ತರ ಸಿಗುತ್ತದೆ, ತಾನೇ ಕಂಡುಹಿಡಿಯುವ ಅವಕಾಶ ಹೋಗುತ್ತದೆ. ಉದ್ದ ಬದಲಿಸಿದ ಹಾಗೆ ಟಿಕ್ ಟಿಕ್ ಸದ್ದಿನ ಅಂತರ ಬದಲಾಗುವ ಒಂದು ರೂಪವನ್ನು ಈಗ ಕಟ್ಟುತ್ತಿದ್ದೇವೆ, ಕಣ್ಣು ಕಾಣದ ಇಬ್ಬರು ಸಹೋದ್ಯೋಗಿಗಳು ಅದನ್ನು ಬಳಸಿ ನೋಡುತ್ತಿದ್ದಾರೆ. ಅವರು ಸೈ ಅನ್ನುವವರೆಗೆ ಆ ಪಾಠದ ಸಫಿಶಿಯಂಟ್ ಜಾಗದಲ್ಲಿ 'ನೋಟ' ಒಂದೇ ಇರುತ್ತದೆ.